ಕಾಗೆ ಗೆದ್ದಿತು, ಅಮ್ಮ ನಗಲಿಲ್ಲ

ಹೋದ ಬೇಸಿಗೆಯಲ್ಲಿ ನಾನೊಂದು ಪುಟ್ಟ ಮೊಬೈಲ್ ಗೇಮ್ ಮಾಡಿದೆ. ಕತೆ ಬಹಳ ಸರಳ. ಅಂಗಳದಲ್ಲಿ ಚಾಪೆ ಮೇಲೆ ಹಲಸಿನ ಹಪ್ಪಳ ಒಣಗ್ತಾ ಇದೆ. ಪಕ್ಕದಲ್ಲಿ ಕೋಲು ಹಿಡಿದು ಒಬ್ಬಾಕೆ ಕೂತಿದ್ದಾಳೆ. ಕಾಗೆಗಳು ಬರುತ್ತವೆ. ಸ್ಕ್ರೀನ್ ಮುಟ್ಟಿದರೆ ಆಕೆ ಕೋಲು ಬೀಸುತ್ತಾಳೆ. ಐದು ಹಪ್ಪಳ ಕಾಗೆ ಪಾಲಾದರೆ ಆಟ ಮುಗಿದ ಹಾಗೆ.

ಹಗಲಲ್ಲಿ ನನ್ನದು ಬೆಂಗಳೂರಿನ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಬೇರೆಯವರು ಬರೆದ ಕೋಡ್‌ನಲ್ಲಿ ಬಗ್ ಹುಡುಕೋದು. ರಾತ್ರಿ ಊಟ ಆದಮೇಲೆ ಗೊಡೋ ಎಂಬ ಉಚಿತ ಗೇಮ್ ಎಂಜಿನ್ ತೆರೆದು ನನ್ನದೇ ಬಗ್‌ಗಳನ್ನು ಹುಟ್ಟಿಸೋದು. ಮೂರು ತಿಂಗಳು ಹೀಗೆ ಕೂತು ಮಾಡಿದ ಆಟ ಇದು. ಅಂಗಳ ಸಾಗರದ ಹತ್ತಿರದ ನಮ್ಮ ಮನೇದೇ. ಕೋಲು ಹಿಡಿದಾಕೆ ನಮ್ಮಮ್ಮ. ಹಾಗಾಗಿ ಅಮ್ಮನೇ ಮೊದಲು ಆಡಬೇಕು ಅಂತ ಫೋನ್‌ಗೆ ಹಾಕಿಕೊಂಡು ಊರಿಗೆ ಹೋದೆ.

ಜಗಲಿ ಮೇಲೆ ಕೂತು ಅಮ್ಮ ಆಡಿದರು. ಒಂದು ನಿಮಿಷವೂ ಆಗಿಲ್ಲ, ಐದು ಹಪ್ಪಳ ಹೋಯ್ತು. ಆಗ ಸ್ಕ್ರೀನ್ ಮೇಲೆ ನಾನು ಹೆಮ್ಮೆಯಿಂದ ಬರೆದಿದ್ದ ಸಾಲು ಬಂತು: 'ಕಾಗೆಗೇ ನಿಮಗಿಂತ ಬುದ್ಧಿ ಜಾಸ್ತಿ!' ಹಿಂದೆ ಕಾಗೆ ನಗುವ ಸದ್ದು ಬೇರೆ. ಆಫೀಸಿನಲ್ಲಿ ಗೆಳೆಯರಿಗೆ ತೋರಿಸಿದಾಗ ಈ ಸಾಲಿಗೆ ಎಲ್ಲರೂ ನಕ್ಕಿದ್ದರು.

ಅಮ್ಮ ಸ್ವಲ್ಪ ನಕ್ಕಂಗೆ ಮಾಡಿದರು. ಎರಡನೇ ಸಲ ಆಡಿದರು. ಅದೇ ಸಾಲು, ಅದೇ ನಗು. ಮೂರನೇ ಸಲವೂ ಅದೇ. ಫೋನನ್ನು ಮೆಲ್ಲಗೆ ಜಗಲಿ ಮೇಲಿಟ್ಟು, "ನನಗೆ ಬುದ್ಧಿ ಇಲ್ಲ ಅಂತ ನಿನ್ನ ಫೋನಿಗೂ ಗೊತ್ತಾಯ್ತಲ್ಲ ಮಾರಾಯ್ತಿ. ಹಾಲು ಕಾಯಿಸಕ್ಕೆ ಇಡ್ತೀನಿ ತಡಿ" ಅಂತ ಎದ್ದು ಒಳಗೆ ಹೋದರು.

ನಗಿಸಲು ಹೋಗಿ ಅಮ್ಮನ ಮುಖ ಸಣ್ಣ ಮಾಡಿದ್ದೆ. ವಾಪಸ್ ಬರುವಾಗ ರಾತ್ರಿ ಬಸ್ಸಿನಲ್ಲಿ ನಿದ್ದೆ ಬರಲಿಲ್ಲ. ಸಾಲು ಕೆಟ್ಟದಾಗಿತ್ತಾ? ಅದೇ ಸಾಲಿಗೆ ಆಫೀಸಿನಲ್ಲಿ ನಗು ಬಂದಿತ್ತಲ್ಲ? ಬೆಂಗಳೂರಿಗೆ ಬಂದವಳು ಒಂದು ನೋಟ್‌ಬುಕ್ ತಗೊಂಡು, ನನ್ನನ್ನು ಈವರೆಗೆ ನಿಜವಾಗಿ ನಗಿಸಿದ ಗೇಮ್‌ಗಳನ್ನೆಲ್ಲ ಮತ್ತೆ ಆಡಿದೆ. ಈ ಸಲ ಆಟಗಾರ್ತಿಯಾಗಿ ಆಡಲಿಲ್ಲ, ಟೆಸ್ಟರ್ ಆಗಿ ಆಡಿದೆ. ಎಲ್ಲಿ ನಗು ಬಂತು, ಯಾಕೆ ಬಂತು ಅಂತ ಬರೆದುಕೊಂಡೆ.

ಸುತ್ತಿಗೆ ಏಟಿನ ಸಮಯ

ಮೊದಲು ತೆರೆದಿದ್ದು 'ಅನ್‌ಟೈಟಲ್ಡ್ ಗೂಸ್ ಗೇಮ್'. ಆಸ್ಟ್ರೇಲಿಯಾದ ಮೆಲ್ಬರ್ನ್‌ನ ಹೌಸ್ ಹೌಸ್ ಎಂಬ ಸಣ್ಣ ತಂಡ 2019ರಲ್ಲಿ ಹೊರತಂದ ಆಟ. ನೀವಿಲ್ಲಿ ಒಂದು ಹೆಬ್ಬಾತು. ಇಂಗ್ಲಿಷ್ ಹಳ್ಳಿಯೊಂದರಲ್ಲಿ ತಮ್ಮ ಪಾಡಿಗೆ ಬದುಕುತ್ತಿರುವ ಜನರಿಗೆ ಕಾಟ ಕೊಡೋದೇ ನಿಮ್ಮ ಕೆಲಸ. ತೋಟದವನ ಬೀಗದ ಕೈ ಕದಿಯಬೇಕು, ಅವನ ಕುಂಟೆ ಒಯ್ದು ಕೊಳಕ್ಕೆ ಹಾಕಬೇಕು. ಇಡೀ ಆಟದಲ್ಲಿ ಒಂದೇ ಒಂದು ಮಾತಿನ ಜೋಕಿಲ್ಲ.

ಅದರಲ್ಲಿ ಒಂದು ಕೆಲಸ: ತೋಟದವನು ಸುತ್ತಿಗೆಯಿಂದ ತನ್ನ ಹೆಬ್ಬೆರಳಿಗೇ ಹೊಡೆದುಕೊಳ್ಳುವಂತೆ ಮಾಡಬೇಕು. ಅವನು ಬಾತು ಬರಬಾರದು ಅಂತ ಒಂದು ಫಲಕ ಬಡಿಯುತ್ತಿದ್ದಾನೆ. ನೀವು ಹಿಂದೆ ನಿಂತು ಕಾಯುತ್ತೀರಿ. ಸುತ್ತಿಗೆ ಮೇಲೆದ್ದಾಗ ಒಮ್ಮೆ ಜೋರಾಗಿ ಕೂಗಿದಿರೋ, ಬೆರಳು ಜಜ್ಜಿಹೋಯ್ತು.

ಇದೇ ದೃಶ್ಯ ಸಿನಿಮಾದಲ್ಲಿದ್ದರೆ ಸುತ್ತಿಗೆ ಯಾವಾಗ ಬೀಳಬೇಕು ಅಂತ ನಿರ್ದೇಶಕರು, ಎಡಿಟರ್ ತೀರ್ಮಾನ ಮಾಡುತ್ತಿದ್ದರು. ಇಲ್ಲಿ ತೀರ್ಮಾನ ನಿಮ್ಮದು. ಆಟ ಮಾಡಿದವರು ಸುತ್ತಿಗೆ ಕೊಟ್ಟಿದ್ದಾರೆ, ಬೆರಳು ಕೊಟ್ಟಿದ್ದಾರೆ, ಕೂಗಲಿಕ್ಕೊಂದು ಬಟನ್ ಕೊಟ್ಟು ಪಕ್ಕಕ್ಕೆ ಸರಿದಿದ್ದಾರೆ. ಆ ಕೂಗಿನ ಬಟನ್ ಅಂತೂ ಯಾವಾಗ ಬೇಕಾದರೂ ಒತ್ತಬಹುದು. ಹೆಚ್ಚಿನ ಸಲ ಅದರಿಂದ ಏನೂ ಉಪಯೋಗ ಇಲ್ಲ. ಆದರೂ ಒತ್ತದೆ ಇರಲು ಆಗಲ್ಲ. ಹಿನ್ನೆಲೆಗೆ ಡೆಬ್ಯುಸಿಯ ಪಿಯಾನೊ ಸಂಗೀತವನ್ನು ಸಣ್ಣ ಸಣ್ಣ ತುಣುಕು ಮಾಡಿ ಇಟ್ಟಿದ್ದಾರೆ. ನೀವು ಹೊಂಚು ಹಾಕಿದಾಗ ಅದು ತಡೆತಡೆದು ನುಡಿಯುತ್ತದೆ, ಓಡಿದಾಗ ತಾನೂ ಓಡುತ್ತದೆ. ಅಂದರೆ ಸಂಗೀತ ಕೂಡ ನಿಮ್ಮ ಟೈಮಿಂಗ್‌ಗೆ ಕಾಯುತ್ತದೆ.

ನೋಟ್‌ಬುಕ್‌ನಲ್ಲಿ ಬರೆದುಕೊಂಡೆ: ನನ್ನ ಆಟದಲ್ಲಿ ಜೋಕು ಹೇಳಿದ್ದು ನಾನು. ಅಮ್ಮನಿಗೆ ಮಾಡಲು ಏನೂ ಉಳಿದಿರಲಿಲ್ಲ.

ಹಾಸ್ಯಗಾರನಿಗೆ ಕಣ್ಣಿದೆ, ಆಟಕ್ಕಿಲ್ಲ

ನಮ್ಮ ಕಡೆ ಯಕ್ಷಗಾನ ನೋಡಿದವರಿಗೆ ಗೊತ್ತು. ಮೇಳದ ಹಾಸ್ಯಗಾರ ರಂಗಕ್ಕೆ ಬಂದು ಮೊದಲೆರಡು ಮಾತಲ್ಲೇ ಎದುರು ಕೂತವರನ್ನು ಅಳೆದುಬಿಡುತ್ತಾನೆ. ಮಾತು ಬರೆದಿಟ್ಟಿದ್ದಲ್ಲ, ಅಲ್ಲೇ ಹುಟ್ಟೋದು. ಜನ ನಕ್ಕರೆ ಎಳೆಯುತ್ತಾನೆ, ನಗದಿದ್ದರೆ ದಾರಿ ಬದಲಿಸುತ್ತಾನೆ. ಒಂದು ಮಾತಿಗೆ ಸಭೆ ತಣ್ಣಗಾದ ಮೇಲೆ ಅದೇ ಮಾತನ್ನು ಮತ್ತೆರಡು ಸಲ ಹೇಳುವ ಹಾಸ್ಯಗಾರನನ್ನು ನಾನಂತೂ ನೋಡಿಲ್ಲ.

ನನ್ನ ಆಟ ಮಾಡಿದ್ದು ಅದನ್ನೇ. ಪಾಪ, ಅದಕ್ಕೆ ಕಣ್ಣಿಲ್ಲ. ಎದುರಿಗಿರೋರು ನಕ್ಕರಾ, ಬೇಜಾರಾದರಾ ತಿಳಿಯಲ್ಲ. ಆದರೆ ಎಣಿಸೋಕೆ ಬರುತ್ತದೆ. ಎಷ್ಟನೇ ಸಲ ಸೋತರು, ಹೇಗೆ ಸೋತರು ಅನ್ನೋದು ಗೊತ್ತಿರುತ್ತದೆ.

ಆ ಎಣಿಕೆಯನ್ನೇ ಹಾಸ್ಯಕ್ಕೆ ದುಡಿಸಿಕೊಂಡ ಆಟ ಅಮೆರಿಕದ ಸೂಪರ್‌ಜೈಂಟ್ ಗೇಮ್ಸ್ ಅವರ 'ಹೇಡೀಸ್' (2020). ಗ್ರೀಕ್ ಪುರಾಣದ ಪಾತಾಳ. ಅಲ್ಲಿನ ರಾಜಕುಮಾರ ಜಾಗ್ರಿಯಸ್ ಅಪ್ಪನ ಅರಮನೆ ಬಿಟ್ಟು ಓಡಿಹೋಗಲು ನೋಡುತ್ತಾನೆ. ದಾರಿಯಲ್ಲಿ ಸಾಯುತ್ತಾನೆ, ಮತ್ತೆ ಅರಮನೆಯಲ್ಲೇ ಎದ್ದು ಬರುತ್ತಾನೆ. ಹತ್ತಾರು ಸಲ. ಸಾಯೋದೇ ಆಟದ ನಡಿಗೆ.

ಪ್ರತಿ ಸಲ ಎದ್ದು ಬಂದಾಗ ಬಾಗಿಲಲ್ಲಿ ನಿದ್ರೆಯ ದೇವರು ಹಿಪ್ನೋಸ್ ಪಟ್ಟಿ ಹಿಡಿದು ನಿಂತಿರುತ್ತಾನೆ. ಈ ಸಲ ಯಾರ ಕೈಲಿ ಸತ್ತಿರಿ ಅಂತ ನೋಡಿ, ಬಹಳ ಪ್ರೀತಿಯಿಂದ, ಕೆಲಸಕ್ಕೆ ಬಾರದ ಒಂದು ಸಲಹೆ ಕೊಡುತ್ತಾನೆ. ಅವರು ಹೊಡೆಯೋಕೆ ಮುಂಚೆ ನೀನೇ ಹೊಡೆದುಬಿಡಬಾರದಾ ಅನ್ನೋ ಥರದ್ದು. ಮದುವೆ ಮನೇಲಿ ಕೆರಿಯರ್ ಬಗ್ಗೆ ಸಲಹೆ ಕೊಡೋ ಮಾವಂದಿರ ನೆನಪಾಗುತ್ತದೆ. ಮುಂದಿನ ಸಲ ಬೇರೆಯವರ ಕೈಲಿ ಸತ್ತರೆ ಬೇರೆ ಸಲಹೆ. ಆಟದಲ್ಲಿ ಒಟ್ಟು 20 ಸಾವಿರಕ್ಕೂ ಹೆಚ್ಚು ಧ್ವನಿ ಸಾಲುಗಳಿವೆ. ಹಾಗಾಗಿ ಸೋತ ಬೇಸರದ ಜೊತೆಗೇ, ಈ ಸಲ ಏನಂತಾನೋ ಅನ್ನೋ ಕುತೂಹಲವೂ ಇರುತ್ತದೆ.

20 ಸಾವಿರ ಸಾಲು ಬರೆಯೋಕೆ ನನಗೆ ಈ ಜನ್ಮ ಸಾಲದು. ಇಪ್ಪತ್ತು ಬರೆಯಬಹುದಿತ್ತು. ನಾನು ಬರೆದಿದ್ದು ಒಂದು.

ಬಂಡೆಯಿಂದ ಬಿದ್ದವನು

ಸಾಲು ಮತ್ತೆ ಮತ್ತೆ ಬಂದಿದ್ದಷ್ಟೇ ತಪ್ಪಾಗಿದ್ದರೆ ಅಮ್ಮನಿಗೆ ಬೋರ್ ಆಗುತ್ತಿತ್ತು. ಆದರೆ ಅವರಿಗೆ ನೋವಾಗಿತ್ತು. ಅದಕ್ಕೆ ಉತ್ತರ ಸಿಕ್ಕಿದ್ದು ನಾನು ಹುಟ್ಟೋಕೂ ಮುಂಚಿನ ಒಂದು ಆಟದಲ್ಲಿ. ಲ್ಯೂಕಾಸ್‌ಫಿಲ್ಮ್ ಗೇಮ್ಸ್ 1990ರಲ್ಲಿ ತಂದ 'ದಿ ಸೀಕ್ರೆಟ್ ಆಫ್ ಮಂಕಿ ಐಲೆಂಡ್'. ರಾನ್ ಗಿಲ್ಬರ್ಟ್, ಟಿಮ್ ಶೇಫರ್, ಡೇವ್ ಗ್ರಾಸ್‌ಮನ್ ಸೇರಿ ಬರೆದಿದ್ದು. ಕಡಲ್ಗಳ್ಳ ಆಗಬೇಕು ಅಂತ ಕನಸು ಕಾಣೋ ಗೈಬ್ರಷ್ ಎಂಬ ಪೆದ್ದು ಹುಡುಗನ ಕತೆ.

ಆ ಕಾಲದ ಸಾಹಸದ ಆಟಗಳಲ್ಲಿ ಒಂದು ಹೆಜ್ಜೆ ತಪ್ಪಿಟ್ಟರೆ ಸಾವು. ಸತ್ತಮೇಲೆ ಒಂದು ಪೆಟ್ಟಿಗೆ ತೆರೆದುಕೊಂಡು, ನಿಮ್ಮನ್ನು ಗೇಲಿ ಮಾಡಿ, ಮತ್ತೆ ಮೊದಲಿಂದ ಆಡಿ ಅನ್ನುತ್ತಿತ್ತು. ಗಿಲ್ಬರ್ಟ್‌ಗೆ ಇದು ಹಿಡಿಸುತ್ತಿರಲಿಲ್ಲ. ಆಟಗಾರರನ್ನು ಹೀಗೆ ಶಿಕ್ಷಿಸಬಾರದು ಅಂತ 1989ರಲ್ಲಿ ಒಂದು ಲೇಖನವನ್ನೇ ಬರೆದಿದ್ದರು. ಮರುವರ್ಷ ತಮ್ಮ ಆಟದಲ್ಲಿ ಆ ಪೆಟ್ಟಿಗೆಯನ್ನೇ ಜೋಕು ಮಾಡಿದರು.

ಗೈಬ್ರಷ್ ಎತ್ತರದ ಬಂಡೆಯ ಅಂಚಿಗೆ ಹೋಗುತ್ತಾನೆ. ಅಂಚು ಕುಸಿದು ಕೆಳಗೆ ಬೀಳುತ್ತಾನೆ. ಬೇರೆ ಆಟಗಳಲ್ಲಿ ಬರುವಂಥದ್ದೇ ಪೆಟ್ಟಿಗೆ ತೆರೆದುಕೊಳ್ಳುತ್ತದೆ. ಅಯ್ಯೋ, ಸೇವ್ ಮಾಡಿರಲಿಲ್ಲವಲ್ಲ ಅಂತ ಆಟಗಾರನ ಎದೆ ಧಸಕ್ಕನ್ನುತ್ತದೆ. ಅಷ್ಟರಲ್ಲಿ ಗೈಬ್ರಷ್ ಕೆಳಗಿನಿಂದ ಪುಟಿದು ಹಾರಿ ಬಂದು ಮತ್ತೆ ಬಂಡೆ ಮೇಲೆ ನಿಲ್ಲುತ್ತಾನೆ. ಕೆಳಗೆ ರಬ್ಬರ್ ಮರ ಇತ್ತಂತೆ!

ನಾನು ಈ ದೃಶ್ಯವನ್ನು ನಾಲ್ಕು ಸಲ ನೋಡಿದೆ. ಒಂದು ಕ್ಷಣ ಆಟಗಾರನಿಗೆ ಭಯ ಹುಟ್ಟಿಸುತ್ತಾರೆ. ಮರುಕ್ಷಣ, ನಿನ್ನನ್ನು ಹಾಗೆಲ್ಲ ಬೀಳೋಕೆ ಬಿಡ್ತೀವಾ ಅಂತ ಹೆಗಲ ಮೇಲೆ ಕೈ ಹಾಕುತ್ತಾರೆ. ನಗು ಬರುವುದು ಆ ಪೆಟ್ಟಿಗೆಯನ್ನು ನೋಡಿ. ಆಟಗಾರ ಅದನ್ನು ಮಾಡಿದವರ ಪಕ್ಕ ನಿಂತು ನಗುತ್ತಾನೆ.

ಅದೇ ಆಟದಲ್ಲಿ ಕತ್ತಿವರಸೆ ಇದೆ. ಗೆಲ್ಲುವುದು ಮಾತಿನಲ್ಲಿ. ಎದುರಾಳಿ ಬೈದರೆ ನೀವು ತಕ್ಕ ಎದುರುತ್ತರ ಕೊಡಬೇಕು. ಶುರುವಿನಲ್ಲಿ ನಿಮಗೆ ಏನೂ ಬರಲ್ಲ, ತೊದಲಿ ಸೋಲುತ್ತೀರಿ. ಆದರೆ ಸೋತಾಗಲೆಲ್ಲ ಎದುರಾಳಿಯ ಬೈಗುಳ ನಿಮ್ಮ ಜೋಳಿಗೆಗೆ ಸೇರುತ್ತದೆ. ಮುಂದಿನ ಕಳ್ಳನ ಮೇಲೆ ಅದನ್ನೇ ಎಸೆದರೆ ಅವನು ಅದಕ್ಕೆ ಕೊಡುವ ಉತ್ತರವೂ ನಿಮ್ಮದಾಗುತ್ತದೆ. ಕೊನೆಗೆ ಕತ್ತಿವರಸೆಯ ಗುರುವಿನ ಎದುರು ನಿಂತಾಗ ಆಕೆ ನೀವು ಕೇಳದ ಹೊಸ ಬೈಗುಳ ತೆಗೆಯುತ್ತಾಳೆ. ನಿಮ್ಮ ಹಳೇ ಉತ್ತರಗಳಲ್ಲೇ ಯಾವುದು ಇದಕ್ಕೆ ಹೊಂದುತ್ತದೆ ಅಂತ ಹುಡುಕಬೇಕು. ಬೈಸಿಕೊಂಡಿದ್ದೆಲ್ಲ ಬಂಡವಾಳ ಆಗುತ್ತದೆ.

ಹಾಗಾದರೆ ಆಟ ಆಟಗಾರನನ್ನು ಬೈಯಲೇಬಾರದಾ? ಹಾಗೇನಿಲ್ಲ. ವಾಲ್ವ್ ಕಂಪನಿಯ 'ಪೋರ್ಟಲ್' (2007) ಆಡಿದವರಿಗೆ ಗ್ಲಾಡೋಸ್ ಗೊತ್ತು. ಪ್ರಯೋಗಾಲಯ ನಡೆಸುವ ಕಂಪ್ಯೂಟರ್. ಬಾಯ್ತುಂಬ ಮರ್ಯಾದೆ, ಹೊಟ್ಟೆತುಂಬ ವಿಷ. ಕೇಕ್ ಕೊಡ್ತೀನಿ ಅಂತ ಸುಳ್ಳು ಹೇಳುತ್ತದೆ, ಚುಚ್ಚಿ ಮಾತಾಡುತ್ತದೆ. ಅದು ಎಷ್ಟು ಚುಚ್ಚಿದರೂ ನನಗೆ ನೋವಾಗಲಿಲ್ಲ. ಯಾಕೆಂದರೆ ಮಾತಾಡುತ್ತಿರುವುದು ವಿಲನ್. ನಾವು ಒಂದೊಂದು ಕೋಣೆ ದಾಟಿದಂತೆಲ್ಲ ಅದರ ಮಾತಿನಲ್ಲಿ ಸಿಟ್ಟು ಏರುತ್ತದೆ. ಅದು ಬೈದಷ್ಟೂ ನಾವು ಗೆಲ್ಲುತ್ತಿದ್ದೇವೆ ಅಂತ ಅರ್ಥ.

ನನ್ನ ಹಪ್ಪಳದ ಆಟದಲ್ಲಿ ಆ ಸಾಲು ಹೇಳಿದ್ದು ಯಾರು? ಕಾಗೆ ಅಲ್ಲ. ಪಕ್ಕದ ಮನೆಯವರೂ ಅಲ್ಲ. ಯಾವ ಪಾತ್ರವೂ ಅಲ್ಲದ ಒಂದು ಧ್ವನಿ. ಅಮ್ಮನ ಮಟ್ಟಿಗೆ ಅದು ನನ್ನ ಧ್ವನಿಯೇ.

ನಮ್ಮನೆ ಜೋಕುಗಳು

ಇಲ್ಲಿ ಒಂದು ವಿಷಯ ಒಪ್ಪಿಕೊಳ್ಳಬೇಕು. ನಮ್ಮ ಮನೆಯಲ್ಲಿ ಫೋನ್ ವಿಚಾರ ಬಂದರೆ ನಗೋದು ಅಮ್ಮನನ್ನು ನೋಡಿಯೇ. ವಿಡಿಯೋ ಕಾಲ್‌ನಲ್ಲಿ ಅವರ ಮುಖದ ಬದಲು ಮಾಡಿನ ಹೆಂಚು ಕಾಣೋದು. ಯಾರೋ ತೀರಿಕೊಂಡ ಸುದ್ದಿಗೆ ಕೈತಪ್ಪಿ ಬರ್ತ್‌ಡೇ ಸ್ಟಿಕರ್ ಹೋಗಿದ್ದು. ಈ ಕತೆಗಳನ್ನು ಪ್ರತಿ ಹಬ್ಬಕ್ಕೂ ಅಣ್ಣ ಅಭಿನಯ ಮಾಡಿ ತೋರಿಸುತ್ತಾನೆ, ನಾನು ತಾಳ ಹಾಕುತ್ತೇನೆ, ಅಪ್ಪ ನಗುತ್ತಾರೆ. ಅಮ್ಮನೂ ನಗುತ್ತಾರೆ.

ನಕ್ಕರು ಅಂದಮೇಲೆ ಬೇಜಾರಿಲ್ಲ ಅಂದುಕೊಂಡಿದ್ದೆವು. ಆದರೆ ಈಗ ಯೋಚಿಸಿದರೆ, ಗ್ಯಾಸ್ ಬುಕ್ ಮಾಡೋಕೂ ಅಮ್ಮ ಪಕ್ಕದ ಮನೆ ಹುಡುಗನ ಕೈಗೆ ಫೋನ್ ಕೊಡುತ್ತಾರೆ. ಹೇಳಿಕೊಡ್ತೀನಿ ಬಾ ಅಂದರೆ "ನನಗೆ ಅದೆಲ್ಲ ಬರಲ್ಲ" ಅಂತಾರೆ. ಊರಿಡೀ ನೆಚ್ಚಿಕೊಳ್ಳುವ ಹಪ್ಪಳದ ಹದ ಗೊತ್ತಿರುವ ಹೆಂಗಸು. ಫೋನ್ ಮುಟ್ಟೋಕೆ ಹೆದರೋದು ಕಷ್ಟ ಅಂತಲ್ಲ, ತಪ್ಪಾದರೆ ಮುಂದಿನ ಹಬ್ಬಕ್ಕೆ ಅದೂ ಒಂದು ಕತೆ ಆಗುತ್ತದೆ ಅಂತ.

ಆಫೀಸಿನ ಗೆಳೆಯರಿಗೆ 'ಕಾಗೆಗೇ ಬುದ್ಧಿ ಜಾಸ್ತಿ' ಅಂದರೆ ನಗು ಬರುತ್ತದೆ. ಅವರ ಬುದ್ಧಿ ಬಗ್ಗೆ ಮನೆಯಲ್ಲಿ ಯಾರೂ ಅನುಮಾನ ಪಟ್ಟಿಲ್ಲ. ಅಮ್ಮನಿಗೆ ಅದು ಹಳೇ ಮಾತು. ಇಷ್ಟು ದಿನ ಮಕ್ಕಳು ಹೇಳುತ್ತಿದ್ದರು, ಈಗ ಫೋನ್ ಹೇಳಿತು.

ಬೇಲಿಯಾಚೆಯ ಅಕ್ಕ

ಆ ಸಾಲು ತೆಗೆದೆ. ನಗುವ ಸದ್ದೂ ತೆಗೆದೆ. ಅಂಗಳದ ಬೇಲಿಯಾಚೆ ಪಕ್ಕದ ಮನೆಯ ಅಕ್ಕನೊಬ್ಬಳನ್ನು ತಂದು ನಿಲ್ಲಿಸಿದೆ. ಕಾಗೆ ವಿಷಯದಲ್ಲಿ ಆಕೆಯ ಕಷ್ಟ ನಮಗಿಂತ ದೊಡ್ಡದು.

ಒಮ್ಮೆ ಸೋತರೆ ಆಕೆ ಹೇಳುತ್ತಾಳೆ: "ನಿಮ್ದು ಐದೇ ಹಪ್ಪಳ ಹೋಗಿದ್ದು. ನಮ್ಮನೇಲಿ ಚಾಪೆನೇ ತಗೊಂಡು ಹೋಯ್ತು." ಎರಡನೇ ಸಲಕ್ಕೆ: "ಉದ್ದ ಕೋಲು ಬೇಕು ಇದಕ್ಕೆ. ನಮ್ದು ಕೊಡ್ತಿದ್ದೆ, ಕಾಗೆ ಕೇಳಿ ತಗೊಂಡು ಹೋಗಿದೆ." ಹೀಗೆ ಇಪ್ಪತ್ತೆರಡು ಸಾಲು ಬರೆದೆ.

ಭಾಷೆಗೆ ಕಷ್ಟಪಟ್ಟೆ. ಮೊದಲ ಆಟದಲ್ಲಿ 'ನೀವು ಸೋತಿದ್ದೀರಿ, ಪುನಃ ಪ್ರಯತ್ನಿಸಿ' ಅಂತೆಲ್ಲ ಇತ್ತು. ಬ್ಯಾಂಕಿನಿಂದ ಬಂದ ಮೆಸೇಜ್ ಥರ. ಅದನ್ನು ಓದಿ ಯಾರು ನಗುತ್ತಾರೆ? ಹಾಸ್ಯಕ್ಕೆ ಊರು ಬೇಕು. 2024ರಲ್ಲಿ ಬಂದ 'ಥ್ಯಾಂಕ್ ಗುಡ್‌ನೆಸ್ ಯು ಆರ್ ಹಿಯರ್!' ಎಂಬ ಆಟ ನಡೆಯುವುದು ಇಂಗ್ಲೆಂಡಿನ ಯಾರ್ಕ್‌ಷೈರ್ ಕಡೆಯ ಒಂದು ಕಾಲ್ಪನಿಕ ಊರಲ್ಲಿ. ಅಂಗಡಿಯವರು, ಮಾರ್ಕೆಟ್‌ನವರು ಎಲ್ಲ ತಮ್ಮ ಊರ ಮಾತನ್ನೇ ಆಡುತ್ತಾರೆ. ಸ್ಕ್ರೀನ್ ಮೇಲಿನ ಅಕ್ಷರಕ್ಕೂ ಆ ಆಡುಮಾತನ್ನೇ ಆರಿಸಿಕೊಳ್ಳಬಹುದು. ನನಗೆ ಅರ್ಧ ಅರ್ಥ ಆಗಲಿಲ್ಲ, ಆದರೂ ನಕ್ಕೆ. ನಮ್ಮ ಸಂತೆಯ ಜನರೇ ಎದುರಿಗೆ ನಿಂತಂತಿತ್ತು.

ಅಪಾಯವೂ ಇದೆ. 1991ರ 'ಮಂಕಿ ಐಲೆಂಡ್ 2'ರಲ್ಲಿ ಜಲಪಾತದ ಹತ್ತಿರದ ಪಂಪ್ ನಿಲ್ಲಿಸಲು ಒಂದು ಪಾನಾ ಬೇಕು. ಆಟಗಾರ ಮಾಡಬೇಕಾದ್ದು, ಮಂಕು ಹಿಡಿದು ಸೆಟೆದು ನಿಂತ ಒಂದು ಮಂಗನನ್ನೇ ಪಾನಾ ಮಾಡಿ ತಿರುಗಿಸುವುದು! ಅಮೆರಿಕದಲ್ಲಿ ಆ ಥರದ ಪಾನಾಗೆ ಮಂಕಿ ವ್ರೆಂಚ್ ಅನ್ನುತ್ತಾರೆ, ಅದಕ್ಕೆ ಈ ಶ್ಲೇಷೆ. ಬ್ರಿಟನ್‌ನವರಿಗೆ ಅದು ಸ್ಪ್ಯಾನರ್. ಅಲ್ಲಿನ ಆಟಗಾರರು ಈ ಒಗಟಿನ ಮುಂದೆ ತಲೆ ಕೆರೆದುಕೊಂಡು ಕೂತರು. ಅಂದರೆ ಮಾತಿನ ಜೋಕು ಅರ್ಥ ಆಗದಿದ್ದರೂ ಆಟ ಮುಂದೆ ಹೋಗಬೇಕು. ಬೇಲಿಯಾಚೆಯ ಅಕ್ಕನ ಮಾತು ಅರ್ಥ ಆಗದವರೂ ಕಾಗೆ ಓಡಿಸಬಹುದು.

ಆಮೇಲೆ ಒಂದು 'ಹುಶ್' ಬಟನ್ ಹಾಕಿದೆ. ಕೂಗೋದಷ್ಟೇ. ಕೆಲವು ಕಾಗೆ ಹೆದರುತ್ತವೆ, ಕೆಲವು ಕತ್ತು ಓರೆ ಮಾಡಿ ನೋಡುತ್ತವೆ. ಮೆಲ್ಬರ್ನಿನ ಹೆಬ್ಬಾತಿನಿಂದ ತಂದ ಸಾಲ ಅದು.

ಸರಿಪಡಿಸದ ಬಗ್

ಗಣೇಶನ ಹಬ್ಬಕ್ಕೆ ಮತ್ತೆ ಊರಿಗೆ ಹೋದೆ. ಮೂರು ದಿನ ಫೋನ್ ವಿಷಯ ಎತ್ತಲಿಲ್ಲ. ಕೊನೇ ದಿನ ಅಮ್ಮನೇ "ಆ ಕಾಗೆದು ಏನಾಯ್ತು?" ಅಂದರು.

ಕೊಟ್ಟೆ. ಆಡಿದರು, ಸೋತರು. ಅಕ್ಕನ ಚಾಪೆ ಮಾತಿಗೆ ಸಣ್ಣಗೆ ನಕ್ಕು, "ಇವಳು ಸುಳ್ಳು ಬಿಡ್ತಾಳೆ" ಅಂದು ಮತ್ತೆ ಆಡಿದರು. ಹುಶ್ ಬಟನ್ ಅಂತೂ ಬೇಕಿದ್ದಕ್ಕೂ ಬೇಡದಿದ್ದಕ್ಕೂ ಒತ್ತಿದರು. ನನಗೆ ಅಷ್ಟೇ ಸಾಕಿತ್ತು.

ಆಗ ಒಂದು ಕಾಗೆ ಹಪ್ಪಳಕ್ಕೆ ಬಾಯಿ ಹಾಕಿತು, ಅದೇ ಕ್ಷಣಕ್ಕೆ ಅಮ್ಮ ಕೋಲು ಬೀಸಿದರು. ಹಪ್ಪಳ ಕೆಳಗೆ ಬೀಳಬೇಕು. ಬೀಳಲಿಲ್ಲ. ಹಾರಿ ಕಾಗೆಯ ತಲೆ ಮೇಲೆ ಅಂಟಿಕೊಂಡಿತು. ಕಾಗೆ ಹಪ್ಪಳ ಹೊತ್ತುಕೊಂಡು ಅಂಗಳದ ತುಂಬ ಗಂಭೀರವಾಗಿ ನಡೆಯತೊಡಗಿತು.

ಇದು ನನಗೆ ಗೊತ್ತಿದ್ದ ಬಗ್. ಸರಿಪಡಿಸಬೇಕಾದ್ದರ ಪಟ್ಟಿಯಲ್ಲಿ ಏಳನೆಯದು. ಮೈಯೆಲ್ಲ ಮುಜುಗರ. "ಅದು ತಪ್ಪಾಗಿದೆ ಅಮ್ಮ, ರಿಪೇರಿ ಮಾಡ್ತೀನಿ" ಅನ್ನುವಷ್ಟರಲ್ಲಿ ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು.

"ನೋಡೇ ಇಲ್ಲಿ! ಹಾಳೆ ಟೊಪ್ಪಿ ಹಾಕ್ಕೊಂಡು ನಿಮ್ಮಪ್ಪ ತೋಟಕ್ಕೆ ಹೊರಟಂಗೇ ಇದೆ!"

ಪೇಪರ್ ಓದುತ್ತಿದ್ದ ಅಪ್ಪ ತಲೆ ಎತ್ತಿದರು. ಅಮ್ಮ ಫೋನನ್ನು ಅವರ ಮುಖದ ಹತ್ತಿರ ಹಿಡಿದರು. ಕಾಗೆ ಬೇಲಿಗೆ ಡಿಕ್ಕಿ ಹೊಡೆದು, ತಿರುಗಿ, ಮತ್ತೆ ಅದೇ ಠೀವಿಯಲ್ಲಿ ನಡೆಯಿತು. ಆ ನಡಿಗೆ ಅಪ್ಪನದೇ, ಸಂಶಯ ಇಲ್ಲ. ಅಣ್ಣ ಬಂದು ನೋಡಿ ಬಿದ್ದುಬಿದ್ದು ನಕ್ಕ. ನಮ್ಮ ಮನೆಯಲ್ಲಿ ಫೋನ್ ಹಿಡಿದು ಅಮ್ಮ ಎಲ್ಲರನ್ನೂ ನಗಿಸಿದ್ದು ನನಗೆ ತಿಳಿದಂತೆ ಅದೇ ಮೊದಲು.

ಸ್ವೀಡನ್ನಿನ ಕಾಫಿ ಸ್ಟೇನ್ ಎಂಬ ಕಂಪನಿ 2014ರಲ್ಲಿ 'ಗೋಟ್ ಸಿಮ್ಯುಲೇಟರ್' ಅಂತ ಒಂದು ಆಟ ಬಿಟ್ಟಿತು. ಊರೆಲ್ಲ ಗುದ್ದಿಕೊಂಡು ತಿರುಗುವ ಒಂದು ಆಡಿನ ಕತೆ. ಆಟವನ್ನೇ ನಿಲ್ಲಿಸಿಬಿಡುವ ಬಗ್‌ಗಳನ್ನು ಬಿಟ್ಟು ಉಳಿದಿದ್ದನ್ನು ಅವರು ಬೇಕೆಂದೇ ಹಾಗೇ ಇಟ್ಟರು, ಅದೇ ಮಜಾ ಅಂತ. ಬಗ್ ಹುಡುಕಿ ಸಂಬಳ ತಗೊಳ್ಳೋ ನನಗೆ ಅವತ್ತಿನವರೆಗೆ ಅದು ಸೋಮಾರಿತನ ಅನ್ನಿಸಿತ್ತು.

ಬೆಂಗಳೂರಿಗೆ ವಾಪಸ್ ಬಂದು ಪಟ್ಟಿ ತೆರೆದೆ. ಏಳನೇ ಬಗ್‌ನ ಮುಂದೆ 'ಮುಟ್ಟಬಾರದು' ಅಂತ ಬರೆದೆ.

ಹೋದ ಭಾನುವಾರ ಅಮ್ಮನ ಫೋನ್ ಬಂತು. ವಿಡಿಯೋ ಕಾಲ್. ಎಂದಿನಂತೆ ಮಾಡಿನ ಹೆಂಚು ಕಾಣಿಸಿತು, ಯಾರೂ ಅದರ ಬಗ್ಗೆ ಮಾತಾಡಲಿಲ್ಲ.

"ಎರಡು ಕಾಗೆಗೆ ಒಟ್ಟಿಗೆ ಟೊಪ್ಪಿ ಹಾಕಿದೆ ನಿನ್ನೆ. ನಿನಗೆ ಬರ್ತದಾ?" ಅಂದರು.

ನನಗೆ ಇನ್ನೂ ಬಂದಿಲ್ಲ.